ಲೌಷಾದ ಕಣ್ಣು, ಚನ್ನಪಟ್ಟಣದ ಕೈ

ನವರಾತ್ರಿಗೆ ಎರಡು ದಿನ ಇರುವಾಗ ಅಟ್ಟದಿಂದ ಗೊಂಬೆ ಪೆಟ್ಟಿಗೆ ಇಳಿಸುವುದು ನಮ್ಮ ಮನೆಯಲ್ಲಿ ಗಂಡಸರ ಕೆಲಸ, ಬಿಚ್ಚುವುದು ಹೆಂಗಸರದು. ಆ ವರ್ಷ ಹಳೇ ಪಂಚೆಯ ಸುತ್ತು ಬಿಚ್ಚಿದ ಅಮ್ಮನ ಮಡಿಲಿಗೆ ಮೊದಲು ಬಿದ್ದದ್ದು ಒಂದು ತಲೆ. ಆಮೇಲೆ ತೊಡೆ, ಮೊಣಕಾಲು, ಗೋಲಿಯಂಥ ಎರಡು ಮರದ ಗುಂಡು. ‘ಜರ್ಮನಿ ಪಾಪು’ ಪೂರಾ ಕಳಚಿಕೊಂಡಿತ್ತು. ತಲೆಯನ್ನು ಅಲ್ಲಾಡಿಸಿದರೆ ಒಳಗೆ ಗಲಗಲ ಸದ್ದು; ಕಣ್ಣಿದ್ದ ಜಾಗದಲ್ಲಿ ಎರಡು ತೂತು.

ಪಟ್ಟದ ಗೊಂಬೆಗಳ ಕೆಳಗಿನ ಮೆಟ್ಟಿಲಲ್ಲಿ ಪ್ರತಿವರ್ಷ ಕೂರುತ್ತಿದ್ದ ಈ ಪಾಪು ಅಜ್ಜಿಯ ತವರಿನದು. ರಕ್ತಚಂದನದ ರಾಜ–ರಾಣಿಗೆ ಬೀಳುವ ಪೆಟ್ಟು ಏನಿದ್ದರೂ ಬಣ್ಣಕ್ಕೆ. ಒಂದೇ ಮರದ ತುಂಡು, ಕಳಚುವುದಕ್ಕೇನಿದೆ? ಪಾಪುವಿನ ಕಥೆ ಬೇರೆ. ಅದರ ಕೈ, ಕಾಲು, ತಲೆಯನ್ನು ಹಿಡಿದಿಟ್ಟಿದ್ದು ಹೊಟ್ಟೆಯೊಳಗಿನ ರಬ್ಬರ್ ಎಲಾಸ್ಟಿಕ್. ಮೈಸೂರಿನ ಅಷ್ಟೂ ಬೇಸಿಗೆ ಕಂಡ ಅದು ಹಪ್ಪಳದಂತೆ ಮುರಿದಿತ್ತು.

ಬಿಡಿಭಾಗ ಹುಡುಕುವವರು ಮೊದಲು ಮಾಡುವ ಕೆಲಸ ಗೊಂಬೆಯ ಕತ್ತಿನ ಹಿಂಭಾಗ ಓದುವುದು. ಕೂದಲ ಟೋಪನ್ನನ್ನು ಸರಿಸಿದಾಗ ಅಚ್ಚಿನಲ್ಲೇ ಒತ್ತಿದ ಅಕ್ಷರ ಕಂಡವು: ಆರ್ಮಾಂಡ್ ಮಾರ್ಸೇಲ್, ಜರ್ಮನಿ, 390. ‘ಜರ್ಮನಿ’ ಎಂಬ ಒಂದು ಪದವೇ ವಯಸ್ಸಿನ ಸುಳಿವು. ಆಮದಾಗುವ ಸರಕಿನ ಮೇಲೆ ತಯಾರಾದ ದೇಶದ ಹೆಸರಿರಬೇಕು ಎಂದು ಅಮೆರಿಕ 1890ರ ಸುಂಕದ ಕಾನೂನಿನಲ್ಲಿ ಹೇಳಿತು, 1891ರಿಂದ ಅದು ಜಾರಿಗೆ ಬಂತು. ದೊಡ್ಡ ಗಿರಾಕಿಯ ಮಾತು. ಜರ್ಮನಿಯ ಕಾರ್ಖಾನೆಗಳು ಅಚ್ಚನ್ನೇ ತಿದ್ದಿಕೊಂಡವು. ರಷ್ಯಾದಲ್ಲಿ ಹುಟ್ಟಿದ ಮಾರ್ಸೇಲ್ 1885ರಲ್ಲಿ ಥುರಿಂಜಿಯಾದ ಕೋಪೆಲ್ಸ್‌ಡೋರ್ಫ್ ಎಂಬ ಹಳ್ಳಿಯ ಪಿಂಗಾಣಿ ಕಾರ್ಖಾನೆ ಕೊಂಡವನು. 390 ಅವನ ಅಚ್ಚಿನ ಸಂಖ್ಯೆ. ಹಳೆಯ ಗೊಂಬೆಗಳ ಪೇಟೆಯಲ್ಲಿ ಇಷ್ಟು ಸಲೀಸಾಗಿ ಸಿಗುವ ಮುಖ ಇನ್ನೊಂದಿಲ್ಲ. ವಜ್ರ ಸಿಕ್ಕಿತೆಂದು ಹಿಗ್ಗಿದ್ದ ನನಗೆ ಇದು ಸ್ವಲ್ಪ ಸಪ್ಪೆಯಾಯಿತು. ಆದರೆ ಬಿಡಿಭಾಗ ಬೇಕಾದವನಿಗೆ ಸಾಮಾನ್ಯ ಗೊಂಬೆಯೇ ವಾಸಿ, ಹಳೇ ಅಂಬಾಸಿಡರ್ ಇಟ್ಟುಕೊಂಡವನ ಹಾಗೆ.

ಹಾಗಾದರೆ ‘ಮಾರ್ಸೇಲ್ ಕೈ’ ಒಂದನ್ನು ಹುಡುಕೋಣ ಎಂದು ಹೊರಟೆ. ಅಂಥದ್ದು ಇಲ್ಲವೇ ಇಲ್ಲ ಎಂದು ತಿಳಿಯಲು ಒಂದು ತಿಂಗಳು ಬೇಕಾಯಿತು. ಮಾರ್ಸೇಲ್‌ನ ಮುಖ್ಯ ಕಸುಬು ತಲೆ ಮಾಡುವುದು. ಮೈ ಮಾಡುವವರು ಬೇರೆ.

ಥುರಿಂಜಿಯಾದ ಗೊಂಬೆ ಹುಟ್ಟುತ್ತಿದ್ದದ್ದೇ ಹಾಗೆ. ಸೊನ್ನೆಬೆರ್ಗ್ ಪಟ್ಟಣ ಮತ್ತು ಸುತ್ತಲ ಕಾಡಿನ ಹಳ್ಳಿಗಳಲ್ಲಿ ಮನೆಮನೆಯೂ ಕಾರ್ಖಾನೆ. ಒಂದು ಮನೆಯವರು ಕಾಗದದ ತಿರುಳು, ಮರದ ಹೊಟ್ಟು, ಅಂಟು ಕಲಸಿ ಕೈಕಾಲು ಒತ್ತುವರು. ಇನ್ನೊಂದು ಮನೆಯಲ್ಲಿ ಬರೀ ಬಣ್ಣ. ಮತ್ತೊಂದರಲ್ಲಿ ಅಂಗೋರಾ ಮೇಕೆಯ ಉಣ್ಣೆಯಿಂದ ಟೋಪನ್. ಇನ್ನೊಂದರಲ್ಲಿ ಹೆಬ್ಬೆರಳುದ್ದದ ಬೂಟು. ಮಕ್ಕಳೂ ದುಡಿಯುತ್ತಿದ್ದರು. ಆದದ್ದನ್ನು ಬುಟ್ಟಿಯಲ್ಲಿ ಹೊತ್ತು ವರ್ತಕನ ಬಾಗಿಲಿಗೆ ಹಾಕಿ ಪುಡಿಗಾಸು ತರಬೇಕು. ನಮ್ಮ ಬೀಡಿ ಕಟ್ಟುವ ಮನೆಗಳ ಲೆಕ್ಕವೇ. ತಲೆಯನ್ನೂ ಮೈಯನ್ನೂ ತಾನೇ ಮಾಡುತ್ತಿದ್ದ ವಾಲ್ಟರ್ಸ್‌ಹೌಸೆನ್‌ನ ಕೆಸ್ಟ್ನರ್‌ನಂಥವರು ವಿರಳ. ಹೆಸರಾಂತ ಕೆಮ್ಮರ್ ಅಂಡ್ ರೈನ್‌ಹಾರ್ಟ್ ಗೊಂಬೆಗಳ ತಲೆಗಳೂ ಸೈಮನ್ ಅಂಡ್ ಹಾಲ್ಬಿಗ್ ಎಂಬ ಬೇರೆ ಕಾರ್ಖಾನೆಯ ಕುಲುಮೆಯಿಂದ ಬಂದವು. ಹುಟ್ಟುವಾಗಲೇ ನಾಲ್ಕೂರಿನ ನೀರು ಕುಡಿದ ಕೂಸಿಗೆ ‘ಅಸಲಿ’ ಕೈ ಯಾವುದು?

ಕಣ್ಣಿನ ಊರು ಮಾತ್ರ ಒಂದೇ, ಲೌಷಾ. 1597ರಲ್ಲಿ ಗಾಜಿನ ಕುಲುಮೆ ಹೂಡಿ ಹುಟ್ಟಿದ ಊರು. ಕ್ರಿಸ್ಮಸ್ ಮರಕ್ಕೆ ತೂಗುಹಾಕುವ ಗಾಜಿನ ಗುಂಡುಗಳೂ ಅಲ್ಲಿಂದಲೇ ಜಗತ್ತಿಗೆ ಹೋದವು. ಅಲ್ಲಿ ಗೊಂಬೆಗಳಿಗೆ ಕಣ್ಣು ಊದುತ್ತಿದ್ದ ಲುಡ್ವಿಗ್ ಮ್ಯುಲರ್-ಊರಿ 1835ರಲ್ಲಿ ಮನುಷ್ಯರಿಗೂ ಗಾಜಿನ ಕಣ್ಣು ಮಾಡತೊಡಗಿದ. ಗೊಂಬೆಯ ಮೇಲೆ ಪಳಗಿದ ಕೈ ಮನುಷ್ಯನ ಮುಖಕ್ಕೆ ಬಂತು. ಈ ಕಸುಬಿನ ಚರಿತ್ರೆಯಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಸಂಗತಿ ಇದು.

ತಲೆಯ ನೆತ್ತಿ ತೆರೆದೇ ಇರುತ್ತದೆ, ಮೇಲೊಂದು ರಟ್ಟಿನ ಮುಚ್ಚಳ. ಅದನ್ನೆತ್ತಿ ಟಾರ್ಚ್ ಬಿಟ್ಟರೆ ಕಣ್ಣು ಮುಚ್ಚುವ ಗುಟ್ಟು ಬಯಲಾಯಿತು. ಎರಡೂ ಕಣ್ಣುಗಳನ್ನು ಪ್ಲಾಸ್ಟರಿನಲ್ಲಿ ಒಂದು ತಂತಿಗೆ ಕೂರಿಸಿ, ಅದಕ್ಕೆ ಸೀಸದ ಗುಂಡು ತೂಗುಹಾಕಿದ್ದಾರೆ. ಮಲಗಿಸಿದರೆ ಗುಂಡು ತೂಗಿ ಕಣ್ಣು ಹೊರಳುತ್ತದೆ, ಮೇಣ ಬಳಿದ ರೆಪ್ಪೆ ಮುಂದೆ ಬರುತ್ತದೆ. ಗುಂಡು ಪಿಂಗಾಣಿಗೆ ಬಡಿಯದಿರಲೆಂದು ಗದ್ದದ ಹತ್ತಿರ ಒಂದು ಬೆಂಡಿನ ಚೂರು. ನಮ್ಮದರಲ್ಲಿ ಪ್ಲಾಸ್ಟರ್ ಬಿಟ್ಟು, ಒಂದು ಕಣ್ಣು ಮೊಟ್ಟೆಯ ಚಿಪ್ಪಿನಂತೆ ಒಡೆದಿತ್ತು.

ಹೊಸ ಕಣ್ಣು ಸಿಗುತ್ತದೆ, ಮಿಲಿಮೀಟರಿನ ಲೆಕ್ಕದಲ್ಲಿ. ಆದರೆ ಹಳೆಯ ಕಣ್ಣಿನ ಪಾಪೆಯ ಸುತ್ತ ಗಾಜಿನ ಎಳೆಗಳು ಸೂರ್ಯಕಾಂತಿಯಂತೆ ಹರಡಿರುತ್ತವೆ. ಹೊಸದರ ನೀಲಿ ಅದರ ಪಕ್ಕ ಪೆಪ್ಪರ್‌ಮಿಂಟಿನ ಹಾಗೆ ಕಂಡಿತು. ಹಳೆಯದೇ ಬೇಕೆಂದರೆ ಅದು ಇನ್ನೊಂದು ಗೊಂಬೆಯಿಂದ ಬರಬೇಕು. ತಲೆ ಸೀಳಿದ ಗೊಂಬೆಗಳನ್ನು ವ್ಯಾಪಾರಿಗಳು ಗುಜರಿ ಕಾರಿನಂತೆ ಬಿಚ್ಚಿ ಮಾರುತ್ತಾರೆ: ಕಣ್ಣಿಗಿಷ್ಟು, ಕಾಲಿಗಿಷ್ಟು. ಇದು ನನಗೆ ಹಿಡಿಸಲಿಲ್ಲ. ಕೊಂಡೆ ಎನ್ನುವುದೂ ನಿಜ.

ಇನ್ನೊಂದು ಮೂಲ ತಿಪ್ಪೆ. ಕುಲುಮೆಯಲ್ಲಿ ಸೊಟ್ಟಗಾದ, ಬಿರುಕುಬಿಟ್ಟ ತಲೆ, ತೋಳುಗಳನ್ನು ಥುರಿಂಜಿಯಾದ ಪಿಂಗಾಣಿ ಕಾರ್ಖಾನೆಗಳು ಹಿತ್ತಲಲ್ಲೇ ಸುರಿದಿದ್ದವು. 1914ರ ಯುದ್ಧ ಸಾಗರದಾಚೆಯ ವ್ಯಾಪಾರ ಕಡಿದು ಜಪಾನಿಗೆ ದಾರಿಮಾಡಿತು. 1945ರ ನಂತರ ಆ ಸೀಮೆ ಪೂರ್ವ ಜರ್ಮನಿಯ ಪಾಲಾಯಿತು. ಹಳೇ ಹೆಸರುಗಳು ಅಳಿದವು, ತಿಪ್ಪೆ ಉಳಿಯಿತು. ಈಗ ಅದನ್ನು ಅಗೆದು, ಮಣ್ಣು ತೊಳೆದು, ಬೆರಳುದ್ದದ ಪಿಂಗಾಣಿ ಕೂಸುಗಳನ್ನು ಹಿಡಿಗಟ್ಟಲೆ ಮಾರುವವರಿದ್ದಾರೆ.

ನಕಲು ತಲೆಗಳೂ ಉಂಟು. ಅವುಗಳಲ್ಲಿ ಒಂದು ಚೋದ್ಯವಿದೆ. ಜೇಡಿ ಬೆಂದಾಗ ಕುಗ್ಗುತ್ತದೆಯಾದ್ದರಿಂದ ಹಳೆಯ ತಲೆಯಿಂದಲೇ ಅಚ್ಚು ತೆಗೆದು ಬೇಯಿಸಿದ ಮಗಳು ತಾಯಿಗಿಂತ ಚಿಕ್ಕವಳಾಗುತ್ತಾಳೆ. ನಕಲುಗಾರ ಎಷ್ಟೇ ಕುಶಲಿಯಾದರೂ ಅಳತೆಪಟ್ಟಿಯ ಮುಂದೆ ಸಿಕ್ಕಿಬೀಳುತ್ತಾನೆ.

ಎಲಾಸ್ಟಿಕ್ ಸುಲಭವೆಂದುಕೊಂಡಿದ್ದೆ. ಲಂಗಕ್ಕೆ ಹಾಕುವ ಪಟ್ಟಿ ಆಗದು, ಮೇಲೆ ದಾರ ನೇಯ್ದ ದುಂಡನೆಯದೇ ಬೇಕು. ಒಂದು ಸುತ್ತು ಎರಡು ಕೈಗಳಿಗೆ, ಎದೆಯ ಅಡ್ಡಕ್ಕೆ. ಇನ್ನೊಂದು ಕಾಲುಗಳಿಂದ ಕತ್ತಿನ ಕೊಕ್ಕೆಗೆ. ಅಮ್ಮನ ಕ್ರೋಷೆ ಕಡ್ಡಿಯಿಂದ ಎಳೆದು, ಹೆಂಡತಿ ತಲೆ ಹಿಡಿದು, ನಾನು ಗಂಟು ಹಾಕುವಷ್ಟರಲ್ಲಿ ಎರಡು ಸಲ ಕಾಲು ಹಾರಿ ಸೋಫಾದ ಕೆಳಗೆ ಹೋಯಿತು.

ಉಳಿದದ್ದು ಬಲಗೈ. ಮೂಲದ ಮುಂಗೈ ಅಜ್ಜಿಯ ಬಾಲ್ಯದಲ್ಲೇ ಮುರಿದಿತ್ತಂತೆ. ಅಜ್ಜಿಯ ಅಪ್ಪ ಚನ್ನಪಟ್ಟಣದಲ್ಲಿ ಹಾಲೆಮರದಲ್ಲಿ ಒಂದನ್ನು ಕಡೆಸಿ ತಂದರು. ಲಟ್ಟಣಿಗೆಯಂತೆ ದುಂಡಗೆ, ಅರಗಿನ ಅರಿಶಿನ ಬಣ್ಣ, ಬೆರಳಿನ ಬದಲು ನಾಲ್ಕು ಗೀರು. ಅದನ್ನು ಬದಲಿಸಲೆಂದೇ ನಾನು ಇಷ್ಟೆಲ್ಲ ತಡಕಾಡಿದ್ದು. ಕೊನೆಗೆ ಅದೇ ಅಳತೆಯ ಹಳೆಯ ಜರ್ಮನ್ ಮುಂಗೈ ಸಿಕ್ಕಿತು, ಗಿಣ್ಣಿನ ಕೊಕ್ಕೆ ಸಮೇತ. ಅಂಚೆಯಲ್ಲಿ ಬಂತು. ಬೆರಳುಗಳ ನಡುವೆ ಯಾವುದೋ ಮಗುವಿನ ಕೊಳೆ ಕಪ್ಪಗೆ ಕೂತಿತ್ತು.

ಅಮ್ಮ ಅದನ್ನು ಪಾಪುವಿನ ಎಡಗೈಯ ಪಕ್ಕ ಹಿಡಿದು ನೋಡಿದರು. ಬಣ್ಣ ಹೆಚ್ಚುಕಡಿಮೆ ಕೂಡುತ್ತಿತ್ತು. “ಚೆನ್ನಾಗಿದೆ, ಆದರೆ ಇದು ಬೇರೆಯವರ ಮನೇದು” ಎಂದು ಮೇಜಿನ ಮೇಲಿಟ್ಟು, ಅರಿಶಿನದ ಕೈಗೆ ಕೊಬ್ಬರಿ ಎಣ್ಣೆ ಸವರತೊಡಗಿದರು.

ಪಾಪು ಈಗ ಆ ಕೈಯಲ್ಲೇ ಕೂರುತ್ತದೆ. ಮಲಗಿಸಿದರೆ ಎಡಗಣ್ಣು ಪೂರಾ ಮುಚ್ಚುತ್ತದೆ, ಬಲಗಣ್ಣು ಮುಕ್ಕಾಲು. ನನ್ನ ಪ್ಲಾಸ್ಟರ್ ಕೆಲಸ. ಜರ್ಮನ್ ಮುಂಗೈ ನನ್ನ ಮೇಜಿನ ಖಾನೆಯಲ್ಲಿ, ಸ್ಟೇಪ್ಲರ್ ಪಿನ್ನುಗಳ ಜೊತೆಗಿದೆ. ಪೆನ್ನು ಹುಡುಕುವಾಗೆಲ್ಲ ಮೊದಲು ಅದೇ ಕೈಗೆ ಸಿಗುತ್ತದೆ.