ರಕ್ತಪರೀಕ್ಷೆ: ಸಿದ್ಧತೆ ಹಿಂದಿನ ರಾತ್ರಿಯಿಂದಲೇ ಇರಲಿ

ವರ್ಷಕ್ಕೊಮ್ಮೆ ರಕ್ತಪರೀಕ್ಷೆ ಮಾಡಿಸಿಕೊಳ್ಳುವುದು ನಗರವಾಸಿಗಳಲ್ಲಿ ಈಗ ರೂಢಿಯಾಗಿದೆ. ಆದರೆ ಅದಕ್ಕೆ ಮುನ್ನ ಏನು ತಿನ್ನಬಹುದು, ಯಾವ ಮಾತ್ರೆ ನುಂಗಬಹುದು ಎಂಬ ವಿಷಯದಲ್ಲಿ ಗೊಂದಲವೇ ಹೆಚ್ಚು. ಬೆಳಗ್ಗೆ ಅಭ್ಯಾಸಬಲದಿಂದ ಕುಡಿದ ಒಂದು ಲೋಟ ಕಾಫಿಯೂ ವರದಿಯ ಅಂಕಿಯನ್ನು ಏರುಪೇರು ಮಾಡಬಲ್ಲದು. ವೈದ್ಯರು ಚಿಕಿತ್ಸೆ ನಿರ್ಧರಿಸುವಾಗ ನೆಚ್ಚುವುದು ಆ ಅಂಕಿಯನ್ನೇ. ಹೀಗಾಗಿ ಸಿದ್ಧತೆಯಲ್ಲಾಗುವ ಲೋಪವು ಬೇಡದ ಮಾತ್ರೆಗೋ, ಬೇಕಾದ ಚಿಕಿತ್ಸೆಯ ವಿಳಂಬಕ್ಕೋ ದಾರಿಯಾಗಬಹುದು.

ಉಪವಾಸ ಯಾವುದಕ್ಕೆ?

ಎಲ್ಲ ಪರೀಕ್ಷೆಗಳಿಗೂ ಖಾಲಿ ಹೊಟ್ಟೆಯಲ್ಲಿರಬೇಕಾಗಿಲ್ಲ. ಉಪವಾಸದ ಸಕ್ಕರೆ ಪರೀಕ್ಷೆಗೆ ಕನಿಷ್ಠ 8 ಗಂಟೆ ಕಾಲ ಏನನ್ನೂ ತಿಂದಿರಬಾರದು. ಕೊಲೆಸ್ಟರಾಲ್ ಹಾಗೂ ಟ್ರೈಗ್ಲಿಸರೈಡ್ ಅಳೆಯುವ ಲಿಪಿಡ್ ಪ್ರೊಫೈಲ್‌ಗೆ 9ರಿಂದ 12 ಗಂಟೆಗಳ ಉಪವಾಸ ವಾಡಿಕೆಯಲ್ಲಿದೆ. ಸಾಮಾನ್ಯ ಲಿಪಿಡ್ ಪರೀಕ್ಷೆಗೆ ಉಪವಾಸ ಕಡ್ಡಾಯವಲ್ಲವೆಂದು ಯುರೋಪಿನ ತಜ್ಞರು 2016ರಲ್ಲಿ ಜಂಟಿಯಾಗಿ ಅಭಿಪ್ರಾಯಪಟ್ಟಿದ್ದಾರೆ. ಆದರೂ ಊಟದ ನಂತರ ಟ್ರೈಗ್ಲಿಸರೈಡ್ ಏರುವುದರಿಂದ, ಅದು ಮೊದಲೇ ಹೆಚ್ಚಿರುವವರಿಗೆ ಉಪವಾಸದ ಪರೀಕ್ಷೆಯನ್ನೇ ಸೂಚಿಸಲಾಗುತ್ತದೆ. ರಕ್ತಕಣಗಳ ಎಣಿಕೆಗೆ, ಮೂರು ತಿಂಗಳ ಸಕ್ಕರೆಯ ಸರಾಸರಿ ತಿಳಿಸುವ ಎಚ್‌ಬಿಎ1ಸಿ ಪರೀಕ್ಷೆಗೆ ಉಪವಾಸದ ಅಗತ್ಯವಿಲ್ಲ.

ಏಕಾದಶಿಯಂದು ಹಾಲು, ಹಣ್ಣು, ಅವಲಕ್ಕಿ ಸೇವಿಸಿದರೂ ಅದನ್ನು ಉಪವಾಸವೆಂದೇ ಕರೆಯುವುದುಂಟು. ಪ್ರಯೋಗಾಲಯದ ಉಪವಾಸದಲ್ಲಿ ಇದಕ್ಕೆ ಅವಕಾಶವಿಲ್ಲ. ಸಕ್ಕರೆರಹಿತ ಕಾಫಿ, ಎಳನೀರು, ಮಜ್ಜಿಗೆ, ಎಲೆಅಡಿಕೆ, ಸಿಗರೇಟು ಯಾವುದೂ ಸಲ್ಲದು. ನೀರನ್ನು ಮಾತ್ರ ಧಾರಾಳವಾಗಿ ಕುಡಿಯಬಹುದು. ದೇಹದಲ್ಲಿ ನೀರಿನಂಶ ಸಾಕಷ್ಟಿದ್ದರೆ ರಕ್ತನಾಳ ಸುಲಭವಾಗಿ ಸಿಗುತ್ತದೆ. ರಾತ್ರಿ 9ಕ್ಕೆ ಊಟ ಮುಗಿಸಿ ಬೆಳಗ್ಗೆ 8ಕ್ಕೆ ರಕ್ತ ಕೊಡುವುದು ಅನುಕೂಲಕರ ಕ್ರಮ. ಹಿಂದಿನ ದಿನ ಮದ್ಯಪಾನವನ್ನೂ ಕಠಿಣ ವ್ಯಾಯಾಮವನ್ನೂ ಕೈಬಿಡಬೇಕು. ಮದ್ಯವು ಟ್ರೈಗ್ಲಿಸರೈಡ್ ಪ್ರಮಾಣವನ್ನೂ, ಕಠಿಣ ವ್ಯಾಯಾಮವು ಕೆಲವು ಕಿಣ್ವಗಳ ಪ್ರಮಾಣವನ್ನೂ ಏರಿಸಬಲ್ಲವು.

ಊಟದ ನಂತರದ ಸಕ್ಕರೆ ಪರೀಕ್ಷೆಗೆ 2 ಗಂಟೆಯ ಲೆಕ್ಕವು ತಿಂಡಿ ತಿನ್ನಲು ಆರಂಭಿಸಿದ ಕ್ಷಣದಿಂದ ಶುರುವಾಗುತ್ತದೆ. ಅಂಕಿ ಕಡಿಮೆ ಬರಲೆಂದು ಅಂದು ಮಾತ್ರ ಅರ್ಧ ಇಡ್ಲಿ ತಿಂದು ಹೋದರೆ ನಷ್ಟ ರೋಗಿಗೇ. ನಿತ್ಯದ ತಿಂಡಿಯನ್ನೇ ತಿನ್ನಬೇಕು.

ಮಾತ್ರೆಗಳ ವಿಷಯ

ಮಧುಮೇಹಿಗಳು ಏನೂ ತಿನ್ನದೆ ಇನ್ಸುಲಿನ್ ಅಥವಾ ಕೆಲವು ಬಗೆಯ ಮಾತ್ರೆ ತೆಗೆದುಕೊಂಡರೆ ಸಕ್ಕರೆ ಅಪಾಯಕಾರಿಯಾಗಿ ಕುಸಿಯಬಹುದು. ಆದ್ದರಿಂದ ಪರೀಕ್ಷೆಯ ದಿನ ಮಾತ್ರೆಯನ್ನು ಯಾವಾಗ ತೆಗೆದುಕೊಳ್ಳಬೇಕೆಂದು ವೈದ್ಯರನ್ನು ಮುಂಚೆಯೇ ಕೇಳಿಕೊಳ್ಳಬೇಕು. ಥೈರಾಯ್ಡ್ ಮಾತ್ರೆಯನ್ನು ರಕ್ತ ಕೊಟ್ಟ ನಂತರ ನುಂಗುವುದು ವಾಡಿಕೆ. ರಕ್ತದೊತ್ತಡದ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಬಾರದು.

ಕೂದಲು ಮತ್ತು ಉಗುರಿನ ಆರೋಗ್ಯಕ್ಕೆಂದು ಬಳಸುವ ಬಯೋಟಿನ್ ಮಾತ್ರೆಗಳ ಬಗ್ಗೆಯೂ ಎಚ್ಚರ ಅಗತ್ಯ. ಇವು ಥೈರಾಯ್ಡ್ ಪರೀಕ್ಷೆಯನ್ನು, ಹೃದಯಾಘಾತ ಪತ್ತೆಗೆ ನೆರವಾಗುವ ಟ್ರೋಪೊನಿನ್ ಪರೀಕ್ಷೆಯನ್ನು ದಾರಿ ತಪ್ಪಿಸಬಲ್ಲವೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2017ರಲ್ಲಿ ಎಚ್ಚರಿಸಿತ್ತು.

ರಕ್ತ ತೆಗೆಯುವಾಗ

ತಂತ್ರಜ್ಞರು ತೋಳಿಗೆ ಪಟ್ಟಿ ಬಿಗಿದು, ಮೊಣಕೈ ಒಳಭಾಗದ ರಕ್ತನಾಳಕ್ಕೆ ಸೂಜಿ ಚುಚ್ಚುತ್ತಾರೆ. ಹೊಸ ಸೂಜಿಯ ಪೊಟ್ಟಣವನ್ನು ಎದುರಿನಲ್ಲೇ ಒಡೆಯುವಂತೆ ಕೇಳುವುದು ತಪ್ಪಲ್ಲ. ಮುಷ್ಟಿಯನ್ನು ಪದೇ ಪದೇ ಬಿಗಿದು ಬಿಡಬಾರದು. ಇದರಿಂದ ಪೊಟ್ಯಾಸಿಯಂ ಪ್ರಮಾಣ ಇಲ್ಲದ ಏರಿಕೆ ತೋರಬಹುದು. ಬಣ್ಣ ಬಣ್ಣದ ಮುಚ್ಚಳದ ನಳಿಕೆಗಳನ್ನು ಕಂಡು ಗಾಬರಿಯಾಗಬೇಕಿಲ್ಲ. ನೇರಳೆ ಮುಚ್ಚಳದ್ದು ರಕ್ತಕಣಗಳ ಎಣಿಕೆಗೆ, ಬೂದು ಬಣ್ಣದ್ದು ಸಕ್ಕರೆಗೆ. ವಯಸ್ಕರ ದೇಹದಲ್ಲಿ ಸುಮಾರು 5 ಲೀಟರ್ ರಕ್ತವಿದ್ದು, ಸಾಮಾನ್ಯ ಪರೀಕ್ಷೆಗಳಿಗೆ ತೆಗೆಯುವುದು ಕೆಲವೇ ಚಮಚದಷ್ಟು.

ಸೂಜಿ ಕಂಡರೆ ತಲೆ ಸುತ್ತುವವರು ಮೊದಲೇ ತಿಳಿಸಿ, ಮಲಗಿಕೊಂಡೇ ರಕ್ತ ಕೊಡಬಹುದು. ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುವವರು, ಸ್ತನ ಶಸ್ತ್ರಚಿಕಿತ್ಸೆಗೆ ಒಳಗಾದವರು ಆ ಸಂಗತಿಯನ್ನು ಹೇಳಲೇಬೇಕು. ನಂತರ ಕೈ ಮಡಚದೆ, ಹತ್ತಿಯನ್ನು ಕೆಲವು ನಿಮಿಷ ಒತ್ತಿ ಹಿಡಿದರೆ ಚರ್ಮ ನೀಲಿಗಟ್ಟುವ ಸಾಧ್ಯತೆ ಕಡಿಮೆ.

ವರದಿ ಕೈಗೆ ಬಂದಾಗ

ದಪ್ಪಕ್ಷರದಲ್ಲಿ ಮುದ್ರಿತವಾದ ಪ್ರತಿ ಅಂಕಿಯೂ ರೋಗದ ಸೂಚನೆಯಲ್ಲ. ಸಾಮಾನ್ಯವಾಗಿ ಆರೋಗ್ಯವಂತರಲ್ಲಿ ಶೇ. 95ರಷ್ಟು ಜನರ ಅಂಕಿ ಬೀಳುವ ವ್ಯಾಪ್ತಿಯನ್ನೇ ‘ಸಹಜ’ ಎಂದು ನಿಗದಿಪಡಿಸಲಾಗುತ್ತದೆ. ಅಂದರೆ ಉಳಿದ ಶೇ. 5ರಷ್ಟು ಆರೋಗ್ಯವಂತರು ಅದರ ಹೊರಗೇ ಇರುತ್ತಾರೆ. ಒಂದಕ್ಕೊಂದು ಸಂಬಂಧವಿಲ್ಲದ 20 ಪರೀಕ್ಷೆಗಳನ್ನು ಒಟ್ಟಿಗೆ ಮಾಡಿಸಿದರೆ, ಪೂರ್ಣ ಆರೋಗ್ಯವಂತರಲ್ಲೂ ಒಂದಾದರೂ ಅಂಕಿ ಹೊರಗುಳಿಯುವ ಸಂಭವ ಸುಮಾರು ಶೇ. 64.

ಉಪವಾಸದ ಸಕ್ಕರೆ 126 ಮಿಲಿಗ್ರಾಂ ಮುಟ್ಟಿದರೆ ಅದು ಮಧುಮೇಹದ ಗಡಿ. ಆದರೂ ರೋಗಲಕ್ಷಣಗಳಿಲ್ಲದವರಲ್ಲಿ ಇನ್ನೊಂದು ಪರೀಕ್ಷೆಯಿಂದ ದೃಢಪಡಿಸಿಕೊಳ್ಳುವುದು ನಿಯಮ. ಹಳೆಯ ವರದಿಗಳನ್ನು ಜೋಪಾನವಾಗಿಟ್ಟು ವೈದ್ಯರಿಗೆ ತೋರಿಸಿದರೆ ಏರಿಳಿತದ ದಿಕ್ಕು ಸ್ಪಷ್ಟವಾಗುತ್ತದೆ.

ಇಷ್ಟೆಲ್ಲ ಎಚ್ಚರ ವಹಿಸಿಯೂ ಬೆಳಗ್ಗೆ ಮರೆತು ಕಾಫಿ ಕುಡಿದಿದ್ದರೆ ಮುಚ್ಚಿಡಬಾರದು. ತಂತ್ರಜ್ಞರಿಗೆ ತಿಳಿಸಿ, ಮರುದಿನ ಬರುವುದೇ ಲೇಸು. ತಪ್ಪು ಅಂಕಿಯ ಮೇಲೆ ತಿಂಗಳುಗಟ್ಟಲೆ ಮಾತ್ರೆ ನುಂಗುವುದಕ್ಕಿಂತ ಒಂದು ದಿನದ ವಿಳಂಬ ದೊಡ್ಡದಲ್ಲ.