ಕೊನೆಯ ಕಂತು

ಹೊಸ ವಸ್ತುವೊಂದು ಮನೆಗೆ ಬಂದಾಗ ಅದನ್ನು ಬರಮಾಡಿಕೊಳ್ಳುವ ಕ್ರಮ ನಮಗೆಲ್ಲರಿಗೂ ಗೊತ್ತಿದೆ. ಅರಿಸಿನ ಕುಂಕುಮ ಹಚ್ಚಿ, ಒಂದು ಹೂವಿಟ್ಟು, ಊದುಬತ್ತಿ ಬೆಳಗುತ್ತೇವೆ. ಸೈಕಲ್ಲಾಗಲಿ, ಹೊಲಿಗೆಯ ಯಂತ್ರವಾಗಲಿ, ಈ ಮರ್ಯಾದೆಯಿಂದ ವಂಚಿತವಾದುದನ್ನು ನಾನು ಕಂಡಿಲ್ಲ. ಆದರೆ ಅದೇ ವಸ್ತು ಮುಪ್ಪಾಗಿ ಮನೆಯಿಂದ ಹೊರಡುವಾಗ ಏನು ಮಾಡಬೇಕೆಂಬುದಕ್ಕೆ ಶಾಸ್ತ್ರವಿಲ್ಲ. ನಮ್ಮ ಹಿರಿಯರಿಗೆ ಅದರ ಅಗತ್ಯವೂ ಬಿದ್ದಿರಲಿಲ್ಲವೆನ್ನಿ. ಒಡೆದ ಗಡಿಗೆ ಹಿತ್ತಿಲ ಮಣ್ಣಿನಲ್ಲಿ ಮಣ್ಣಾಗುತ್ತಿತ್ತು. ಹರಿದ ಸೀರೆ ಕೌದಿಯಾಗುತ್ತಿತ್ತು. ತೂತುಬಿದ್ದ ಹಿತ್ತಾಳೆಯ ಪಾತ್ರೆ ಕುಲುಮೆಗೆ ಹೋಗಿ ಹೊಸ ರೂಪದಲ್ಲಿ ಮರಳುತ್ತಿತ್ತು.

ಇಷ್ಟು ದೊಡ್ಡ ಪೀಠಿಕೆ ಒಂದು ಹಳೆಯ ಫ್ರಿಜ್ಜಿನ ಸಲುವಾಗಿ ಎಂದರೆ ಓದುಗರು ನಗಬಹುದು. ನಗಲಿ. ನಾನು ಎರಡು ಫ್ರಿಜ್ಜುಗಳನ್ನು ಮನೆಯಿಂದ ಕಳುಹಿಸಿದವನು. ಮೊದಲನೆಯದನ್ನು ಕಳುಹಿಸಿದ ರೀತಿಯನ್ನು ನೆನೆದರೆ ನನಗೆ ಇಂದಿಗೂ ನಗು ಬರುವುದಿಲ್ಲ.

ಆ ಮೊದಲನೆಯದು ಮೈಸೂರಿನ ನಮ್ಮ ಮನೆಗೆ ಬಂದದ್ದು 1975ರಲ್ಲಿ. ನಮ್ಮ ಕಾಲೇಜಿನ ಸಹೋದ್ಯೋಗಿಯೊಬ್ಬರಿಗೆ ಶಿವಮೊಗ್ಗೆಗೆ ವರ್ಗವಾಯಿತು. ಅಷ್ಟು ಭಾರದ ವಸ್ತುವನ್ನು ಸಾಗಿಸಲಾರದೆ ಅವರು ಅದನ್ನು ನನಗೆ ಹತ್ತು ಕಂತುಗಳ ಮೇಲೆ ಮಾರಿದರು. ಪಟ್ಟಾಗಿ ಹಾಕಿಕೊಳ್ಳುವ ಚಿಲಕದ ಹಿಡಿಯಿದ್ದ ಭಾರಿ ಬಾಗಿಲಿನ ಯಂತ್ರ. ನನ್ನ ತಾಯಿ ಅದಕ್ಕೆ ‘ತಂಗಳ ಪೆಟ್ಟಿಗೆ’ ಎಂದು ನಾಮಕರಣ ಮಾಡಿ, ತಮ್ಮ ಹಾಲು ಮೊಸರುಗಳನ್ನು ಬಹಳ ದಿನ ನೆಲುವಿನ ಮೇಲೆಯೇ ಇಟ್ಟುಕೊಂಡರು. ಕುಡಿಯುವ ನೀರಂತೂ ಅವರಿಗೆ ಕೊನೆಯವರೆಗೂ ಹೂಜಿಯದೇ ಆಗಬೇಕಾಗಿತ್ತು.

ರಸಾಯನಶಾಸ್ತ್ರದ ಅಧ್ಯಾಪಕರಾಗಿದ್ದ ಮಿತ್ರರೊಬ್ಬರು ಒಮ್ಮೆ ಮನೆಗೆ ಬಂದಾಗ ತಾಯಿಯ ಪಕ್ಷವನ್ನೇ ವಹಿಸಿದರು. “ಹೂಜಿಗೂ ಈ ಪೆಟ್ಟಿಗೆಗೂ ತತ್ತ್ವ ಒಂದೇ ಅಮ್ಮ. ದ್ರವ ಆವಿಯಾಗುವಾಗ ಸುತ್ತಲಿನ ಶಾಖವನ್ನು ಎಳೆದುಕೊಳ್ಳುತ್ತದೆ. ನಿಮ್ಮ ಹೂಜಿ ಆವಿಯನ್ನು ಗಾಳಿಗೆ ಬಿಟ್ಟುಬಿಡುತ್ತದೆ. ಇದು ಬಿಡುವುದಿಲ್ಲ, ಹಿಡಿದು, ಹಿಂಡಿ, ಮತ್ತೆ ದ್ರವ ಮಾಡಿ ಕೊಳವೆಯಲ್ಲಿಯೇ ಸುತ್ತಿಸುತ್ತದೆ” ಎಂದರು. ಹಿಡಿದಿಟ್ಟಿರುವುದು ಯಾವ ಆವಿ, ಬಿಟ್ಟರೆ ಏನಾಗುತ್ತದೆ ಎಂದು ಅಂದು ನಾವು ಯಾರೂ ಕೇಳಲಿಲ್ಲ.

2003ರ ಬೇಸಿಗೆಯಲ್ಲಿ ಅದರ ಮೋಟಾರು ಸುಟ್ಟುಹೋಯಿತು. ಇಪ್ಪತ್ತೆಂಟು ವರ್ಷ ಸೇವೆ ಮಾಡಿದ ಯಂತ್ರವನ್ನು ಒಡನೆಯೇ ಹೊರದೂಡಲು ಮನಸ್ಸಾಗದೆ ಹಿತ್ತಿಲಿಗೆ ಸಾಗಿಸಿ, ಗೋಣಿಚೀಲ, ತೆಂಗಿನ ಹಗ್ಗಗಳನ್ನು ತುಂಬುವ ಬೀರುವಾಗಿ ಮಾಡಿಕೊಂಡೆ. ನನ್ನ ಮಿತವ್ಯಯಕ್ಕೆ ನಾನೇ ಮೆಚ್ಚಿಕೊಂಡೆನೆಂದು ಕಾಣುತ್ತದೆ.

ಶಾಲೆಗಳಿಗೆ ರಜೆಯ ಕಾಲ. ಒಂದು ಸಂಜೆ ಕೇರಿಯ ಮಕ್ಕಳು ನಮ್ಮ ಹಿತ್ತಿಲಿನಲ್ಲಿ ಕಣ್ಣಾಮುಚ್ಚಾಲೆ ಆಡುತ್ತಿದ್ದರು. ಒಗ್ಗರಣೆಗೆ ಕರಿಬೇವು ಬೇಕೆಂದು ನನ್ನಾಕೆ ಹೇಳಿದ್ದರಿಂದ ನಾನು ಹಿಂಬಾಗಿಲಿನಿಂದ ಹೊರಗೆ ಹೋದೆ. ಮಲ್ಲಿಗೆಯ ಬಳ್ಳಿಗೆ ಒರಗಿಸಿದಂತೆ ಮೂರು ತಂತಿಯ ತಟ್ಟೆಗಳು. ಪಕ್ಕದಲ್ಲಿ ನನ್ನ ಗೋಣಿಚೀಲಗಳು. ಫ್ರಿಜ್ಜಿನ ಒಳಗಿನ ತಟ್ಟೆಗಳು ಹೊರಗೆ ಏಕಿವೆ ಎಂದು ಅರ್ಥವಾಗಲು ನನಗೆ ಒಂದು ಗಳಿಗೆ ಹಿಡಿಯಿತು. ಓಡಿ ಹೋಗಿ ಚಿಲಕ ಎಳೆದೆ. ಪಕ್ಕದ ಮನೆಯ ಆರು ವರ್ಷದ ಹುಡುಗಿ ಮೊಣಕಾಲು ಮಡಿಸಿ ಕುಳಿತಿದ್ದಳು, ಕೂದಲು ಬೆವರಿನಿಂದ ಹಣೆಗೆ ಅಂಟಿತ್ತು, ಮುಖ ಕೆಂಪೇರಿತ್ತು. ನನ್ನನ್ನು ಕಂಡು ತುಟಿಯ ಮೇಲೆ ಬೆರಳಿಟ್ಟು, “ಶ್! ಯಾರಿಗೂ ಹೇಳಬೇಡಿ ತಾತ” ಎಂದಳು. ತನ್ನನ್ನು ಯಾರೂ ಹುಡುಕಲಾರರೆಂಬ ಹೆಮ್ಮೆ ಅವಳ ಕಣ್ಣಿನಲ್ಲಿತ್ತು. ಒಳಗಿನಿಂದ ಆ ಬಾಗಿಲು ತೆರೆಯುವುದಿಲ್ಲವೆಂಬುದು ಅವಳಿಗೆ ಇನ್ನೂ ತಿಳಿದಿರಲಿಲ್ಲ.

ಇಂಥ ಪೆಟ್ಟಿಗೆಗಳಲ್ಲಿ ಸಿಕ್ಕಿ ಮಕ್ಕಳು ಉಸಿರುಕಟ್ಟಿ ಸತ್ತ ಪ್ರಕರಣಗಳು ಅಮೆರಿಕದಲ್ಲಿ ಎಷ್ಟು ನಡೆದವೆಂದರೆ, ಒಳಗಿನಿಂದಲೂ ತೆರೆಯಬಹುದಾದ ಬಾಗಿಲೇ ಇರಬೇಕೆಂದು ಅಲ್ಲಿ 1956ರಲ್ಲಿ ಕಾನೂನನ್ನೇ ಮಾಡಬೇಕಾಯಿತೆಂದು ನಾನು ಆಮೇಲೆ ಓದಿದೆ. ಚಿಲಕದ ಬದಲು ಆಯಸ್ಕಾಂತದ ಪಟ್ಟಿಯಿಂದ ಅಂಟಿಕೊಳ್ಳುವ ಬಾಗಿಲು ಬಳಕೆಗೆ ಬಂದುದಕ್ಕೆ ಇದೂ ಒಂದು ಕಾರಣ. ಆದರೂ ಅಂಥ ಬಾಗಿಲನ್ನು ಪುಟ್ಟ ಮಗು ಗಾಬರಿಯಲ್ಲಿ ತಳ್ಳೀತೆಂದು ನಂಬಿ ಕೂರುವಂತಿಲ್ಲ. ಕೆಟ್ಟ ಫ್ರಿಜ್ಜನ್ನು ಒಂದು ರಾತ್ರಿ ಹೊರಗಿಡಬೇಕಾದರೂ ಮೊದಲು ಬಾಗಿಲನ್ನು ಕಳಚಬೇಕು. ಕಳಚಲಾಗದಿದ್ದರೆ ಹಗ್ಗದಿಂದ ಬಿಗಿದು, ಬಾಗಿಲಿನ ಕಡೆಯನ್ನು ಗೋಡೆಗೆ ಮುಖಮಾಡಿ ನಿಲ್ಲಿಸಬೇಕು. ಅಂದು ದೀಪ ಹಚ್ಚುವ ಹೊತ್ತಿಗೆ ನಾನು ಸುತ್ತಿಗೆಯಿಂದ ಚಿಲಕವನ್ನು ಒಡೆದು ಬಾಗಿಲನ್ನು ಕಿತ್ತುಹಾಕಿದೆ. ಕೈ ನಡುಗುತ್ತಿದ್ದುದರಿಂದ ಒಂದು ಗಂಟೆ ಹಿಡಿಯಿತು.

ಮರುದಿನ ಬೆಳಗ್ಗೆ ಗುಜರಿಯವನನ್ನು ಕರೆದೆ. ಆತ ಕೊಟ್ಟಷ್ಟನ್ನು ತೆಗೆದುಕೊಂಡೆ. “ಇದರಲ್ಲಿ ಬೆಲೆಯಿರೋದು ತಾಮ್ರಕ್ಕೆ ಸ್ವಾಮಿ, ಮಿಕ್ಕಿದ್ದು ಹೊರೋಕೇ ಭಾರ” ಎನ್ನುತ್ತ ಆತ ಇಕ್ಕಳದಿಂದ ಹಿಂಬದಿಯ ಕೊಳವೆಯನ್ನು ಕತ್ತರಿಸಿದ. ಹಾವು ಬುಸುಗುಟ್ಟಿದಂತೆ ಒಂದು ಸದ್ದು ಹೊರಟು ನಿಧಾನವಾಗಿ ನಿಂತಿತು. ಪೀಡೆ ತೊಲಗಿತೆಂದು ನಾನು ನಿಟ್ಟುಸಿರುಬಿಟ್ಟೆ.

ಆ ಸದ್ದಿನ ಅರ್ಥವನ್ನು ನನಗೆ ಹೇಳಿದವರು ಅದೇ ರಸಾಯನಶಾಸ್ತ್ರದ ಮಿತ್ರರು. ಮೊದಮೊದಲ ಫ್ರಿಜ್ಜುಗಳಲ್ಲಿ ಅಮೋನಿಯ, ಗಂಧಕದ ಡೈಆಕ್ಸೈಡ್, ಮೀಥೈಲ್ ಕ್ಲೋರೈಡ್‌ಗಳು ಹರಿಯುತ್ತಿದ್ದವು. ಸೋರಿದರೆ ಮನೆಯವರ ಪ್ರಾಣಕ್ಕೇ ಅಪಾಯ. 1928ರಲ್ಲಿ ಅಮೆರಿಕದ ಥಾಮಸ್ ಮಿಜ್ಲಿ ಮತ್ತು ಅವರ ಸಂಗಡಿಗರು ಹೊಸ ಬಗೆಯ ಅನಿಲವೊಂದನ್ನು ಸಿದ್ಧಪಡಿಸಿದರು. ವಿಷವಿಲ್ಲ, ಬೆಂಕಿ ಹತ್ತುವುದಿಲ್ಲ ಎಂಬುದನ್ನು ತೋರಿಸಲು 1930ರಲ್ಲಿ ಮಿಜ್ಲಿ ವಿದ್ವಾಂಸರ ಸಭೆಯ ಮುಂದೆ ಅದನ್ನು ಉಸಿರಿನಲ್ಲಿ ಎಳೆದುಕೊಂಡು, ಆ ಉಸಿರಿನಿಂದಲೇ ಮೇಣದಬತ್ತಿಯನ್ನು ಆರಿಸಿದರಂತೆ. ಅದು ಮೋಸವಲ್ಲ, ಮನುಷ್ಯನ ಉಸಿರಿಗೆ ಅದು ನಿಜವಾಗಿಯೂ ನಿರುಪದ್ರವಿ. ಹಾನಿಯಾದದ್ದು ಯಾರೂ ನೋಡದಿದ್ದ ಎತ್ತರದಲ್ಲಿ. ಈ ಅನಿಲಗಳು ಮೇಲೇರಿ, ಸೂರ್ಯನ ಬಿಸಿಲಿಗೆ ಒಡೆದು, ಬಿಡುಗಡೆಯಾದ ಕ್ಲೋರಿನ್ ಓಜೋನ್ ಪದರವನ್ನು ತಿನ್ನುತ್ತದೆಂದು 1974ರಲ್ಲಿ ಮೊಲಿನಾ ಮತ್ತು ರೋಲೆಂಡ್ ಎಂಬ ವಿಜ್ಞಾನಿಗಳು ಎಚ್ಚರಿಸಿದರು. 1985ರಲ್ಲಿ ದಕ್ಷಿಣ ಧ್ರುವದ ಮೇಲೆ ಆ ಪದರ ವಿಪರೀತ ತೆಳುವಾಗಿರುವುದು ಪ್ರಕಟವಾಯಿತು. 1987ರಲ್ಲಿ ಮಾಂಟ್ರಿಯಲ್‌ನಲ್ಲಿ ರಾಷ್ಟ್ರಗಳು ಒಪ್ಪಂದ ಮಾಡಿಕೊಂಡವು; 1992ರಲ್ಲಿ ಭಾರತವೂ ಸೇರಿತು. ಇದರ ಫಲವಾಗಿ ಈ ಶತಮಾನದ ನಡುವಿನ ಹೊತ್ತಿಗೆ ಆ ಪದರ ಬಹುಮಟ್ಟಿಗೆ ಚೇತರಿಸಿಕೊಳ್ಳಲಿದೆಯೆಂಬುದು ವಿಜ್ಞಾನಿಗಳ ಅಂದಾಜು. ಮನುಷ್ಯ ತಪ್ಪನ್ನು ತಿದ್ದಿಕೊಳ್ಳಬಲ್ಲನೆಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ನನಗೆ ತಿಳಿಯದು.

ಆದರೆ ನಮ್ಮ ಹಿತ್ತಿಲಿನಿಂದ ಹೊರಟ ಅನಿಲದ ಆಯುಸ್ಸು ಸುಮಾರು ನೂರು ವರ್ಷ. ಅದರ ಬಹುಪಾಲು ಈಗಲೂ ಮೇಲೆಯೇ ಇದೆ. ಅಷ್ಟೇ ಅಲ್ಲ, ಆ ಕಾಲದ ಫ್ರಿಜ್ಜುಗಳಲ್ಲಿ ಕೊಳವೆಗಿಂತ ಹೆಚ್ಚು ಅನಿಲವಿದ್ದದ್ದು ಗೋಡೆಗಳ ನಡುವೆ ತುಂಬಿದ ನೊರೆಯಂಥ ಪದರದ ಗುಳ್ಳೆಗಳಲ್ಲಿ. ಅದನ್ನು ಎಲ್ಲಿ ಒಡೆದರೋ, ಎಲ್ಲಿ ಸುಟ್ಟರೋ, ನಾನು ವಿಚಾರಿಸಲಿಲ್ಲ.

ಎರಡನೆಯ ಫ್ರಿಜ್ಜು 2024ರ ಬೇಸಿಗೆಯಲ್ಲಿ ನಿಂತುಹೋದಾಗ ಈ ಎರಡು ನೆನಪುಗಳೂ ನನ್ನ ಮುಂದೆ ಬಂದು ನಿಂತವು. ಮೊದಲು ದುರಸ್ತಿಯವನನ್ನು ಕರೆಸಿದೆ. ದುರಸ್ತಿಯಾಗುವುದನ್ನು ಎಸೆಯುವುದು ಜವಾಬ್ದಾರಿಯಲ್ಲ. ಕಂಪ್ರೆಸರ್ ಹೋಗಿದೆ, ಒಳಗಿನ ತಗಡೂ ತುಕ್ಕು ಹಿಡಿದಿದೆ ಎಂದ. ಹಿಂಬದಿಯ ಚೀಟಿಯಲ್ಲಿ ‘ಆರ್-134ಎ’ ಎಂದಿತ್ತು. ಇದು ಓಜೋನನ್ನು ಕೆಡಿಸುವುದಿಲ್ಲ, ಆದರೆ ಭೂಮಿಯನ್ನು ಕಾಯಿಸುವುದರಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 1,430 ಪಟ್ಟು ಬಲಶಾಲಿ. ಮನೆಯ ಫ್ರಿಜ್ಜಿನಲ್ಲಿ 120 ಗ್ರಾಂ ಇದೆಯೆಂದರೂ, ಅದನ್ನು ಬಿಟ್ಟರೆ ಸುಮಾರು 170 ಕಿಲೋ ಡೈಆಕ್ಸೈಡನ್ನು ಬಿಟ್ಟಂತೆ. ಹಳೆಯದರಲ್ಲಿದ್ದ ‘ಆರ್-12’ರ ಲೆಕ್ಕ ಹಾಕಿದರೆ ಅದೇ ತೂಕಕ್ಕೆ 1,300 ಕಿಲೋ. ಒಂದು ಇಕ್ಕಳ, ಅರ್ಧ ನಿಮಿಷ!

ಹೊಸದನ್ನು ಕೊಳ್ಳಲು ಹೋದ ಅಂಗಡಿಯಲ್ಲಿ ಹಳೆಯದನ್ನು ವಿನಿಮಯಕ್ಕೆ ತೆಗೆದುಕೊಳ್ಳುತ್ತೇವೆಂದರು. “ಆಮೇಲೆ ಅದು ಎಲ್ಲಿಗೆ ಹೋಗುತ್ತದಪ್ಪ?” ಎಂದೆ. “ಗೋದಾಮಿಗೆ ಸಾರ್.” “ಅಲ್ಲಿಂದ?” ಹುಡುಗ ನಕ್ಕುಬಿಟ್ಟ. ಈ ಎರಡನೆಯ ಪ್ರಶ್ನೆಯನ್ನು ಕೇಳುವ ಹಕ್ಕು ನಮಗಿದೆ. ವಿದ್ಯುನ್ಮಾನ ತ್ಯಾಜ್ಯದ ನಿಯಮಗಳು ನಮ್ಮ ದೇಶದಲ್ಲಿ 2012ರಲ್ಲಿ ಜಾರಿಗೆ ಬಂದವು. 2022ರಲ್ಲಿ ಹೊಸದಾಗಿ ರಚಿತವಾದ ನಿಯಮಗಳು 2023ರ ಏಪ್ರಿಲ್ 1ರಿಂದ ನಡೆಯುತ್ತಿವೆ. ಅವುಗಳ ಪಟ್ಟಿಯಲ್ಲಿ ಫ್ರಿಜ್ಜೂ ಸೇರಿದೆ. ತಯಾರಿಸಿದವರೇ ಅದರ ಅಂತ್ಯದ ಹೊಣೆಯನ್ನೂ ಹೊರಬೇಕು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ ನೋಂದಾಯಿತರಾದ ಮರುಬಳಕೆದಾರರ ಮೂಲಕವೇ ಅದನ್ನು ನೆರವೇರಿಸಬೇಕು. ನಾನು ತಯಾರಕರ ಗ್ರಾಹಕ ಸೇವೆಗೆ ದೂರವಾಣಿ ಮಾಡಿದೆ; ಮೂರನೆಯ ಸಲಕ್ಕೆ ಕೆಲಸವಾಯಿತು. ಗುಜರಿಗೆ ಹಾಕಿದ್ದರೆ ಇದಕ್ಕಿಂತ ಹೆಚ್ಚು ಹಣ ಬರುತ್ತಿತ್ತು. “ದುಡ್ಡು ಕೊಟ್ಟು ತಂದದ್ದಾಯಿತು, ಈಗ ದುಡ್ಡು ಬಿಟ್ಟು ಕಳಿಸುವುದೂ ಆಯಿತೇ?” ಎಂದು ನನ್ನಾಕೆ ಕೇಳಿದಳು. 1975ರ ಕಂತುಗಳು ನನಗೆ ನೆನಪಾದವು. “ಹಳೆಯ ಫ್ರಿಜ್ಜಿನ ಕೊನೆಯ ಕಂತು ಬಾಕಿ ಇತ್ತು, ಈಗ ಕಟ್ಟುತ್ತಿದ್ದೇನೆ” ಎಂದೆ.

ಕಳುಹಿಸುವ ಮುನ್ನ ಮಾಡಬೇಕಾದುದು ಹೆಚ್ಚೇನಿಲ್ಲ. ಮೊದಲು ಒಳಗನ್ನು ಬರಿದುಮಾಡಿ ಒರೆಸಬೇಕು. ಮಂಜುಗಡ್ಡೆ ಉಳಿದಿದ್ದರೆ ತಾನಾಗಿ ಕರಗಲು ಬಿಡಬೇಕು. ಚಾಕುವಿನಿಂದ ಕೆತ್ತಿದರೆ ಕೊಳವೆ ತೂತಾಗುತ್ತದೆ. ಸಾಗಿಸುವಾಗ ನೆಟ್ಟಗೆ ನಿಲ್ಲಿಸಿ, ಹಿಂಬದಿಯ ಕೊಳವೆಗಳಿಗೆ ಪೆಟ್ಟಾಗದಂತೆ ನೋಡಿಕೊಳ್ಳಬೇಕು. ಈಚಿನ ಅನೇಕ ಫ್ರಿಜ್ಜುಗಳಲ್ಲಿರುವ ‘ಆರ್-600ಎ’ ಭೂಮಿಯನ್ನು ಅಷ್ಟಾಗಿ ಕಾಯಿಸದಿದ್ದರೂ ಬೆಂಕಿ ಹತ್ತುವಂಥದು. ಅದರ ಕೊಳವೆ ಕತ್ತರಿಸುವ ಗುಜರಿಯವನ ಮೈಯೇ ಸುಟ್ಟೀತು. ಇನ್ನೂ ನಡೆಯುತ್ತಿರುವ ಹಳೆಯದನ್ನು ಬಡವರಿಗೆ ದಾನ ಮಾಡುತ್ತೇವೆನ್ನುವವರು, ಅದು ನುಂಗುವ ವಿದ್ಯುತ್ತಿನ ಬಿಲ್ಲನ್ನೂ ಅವರಿಗೇ ದಾನ ಮಾಡುತ್ತಿದ್ದೇವೆಂಬುದನ್ನು ಯೋಚಿಸಬೇಕು. ಸರಿಯಾದ ಕೈಗೆ ಸೇರಿದರೆ, ಕೊಳವೆಯಿಂದ ಅನಿಲವನ್ನು ಹೀರಿ ಸಿಲಿಂಡರಿನಲ್ಲಿ ತುಂಬುತ್ತಾರೆ; ಕಂಪ್ರೆಸರಿನ ಎಣ್ಣೆಯನ್ನು ಬಸಿಯುತ್ತಾರೆ; ಮುಚ್ಚಿದ ಯಂತ್ರದಲ್ಲಿ ಒಡಲನ್ನು ನುರಿದು ನೊರೆಯ ಅನಿಲವನ್ನು ಹಿಡಿದು, ಕಬ್ಬಿಣ, ತಾಮ್ರ, ಅಲ್ಯೂಮಿನಿಯಂ, ಪ್ಲಾಸ್ಟಿಕ್ಕುಗಳನ್ನು ಬೇರ್ಪಡಿಸುತ್ತಾರೆ. ಹಿತ್ತಾಳೆಯ ಪಾತ್ರೆ ಕುಲುಮೆಗೆ ಹೋಗಿ ಮರಳುತ್ತಿತ್ತಲ್ಲ, ಅದೇ ಪದ್ಧತಿ.

ವಾಹನ ಬರುವ ದಿನ ಪಕ್ಕದ ಮನೆಯ ಹುಡುಗಿ ರಜೆಯ ಮೇಲೆ ಊರಿಗೆ ಬಂದಿದ್ದಳು. ಈಗ ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದಾಳೆ. ನಾನು ಜಗಲಿಯ ಮೇಲೆ ಕುಳಿತು ಫ್ರಿಜ್ಜಿನ ಬಾಗಿಲಿನ ತಿರುಪುಗಳೊಡನೆ ಹೆಣಗುತ್ತಿರುವುದನ್ನು ಕಂಡು, “ಇನ್ನೇನು ಗಾಡಿ ಬರುತ್ತೆ, ಬಾಗಿಲು ಯಾಕೆ ಬಿಚ್ಚುತ್ತಿದ್ದೀರಿ ತಾತ?” ಎಂದಳು. ಗಾಡಿ ತಡವಾದರೆ ಎಂದೆ. ಅವಳು ನನ್ನ ಕೈಯಿಂದ ಸ್ಕ್ರೂಡ್ರೈವರ್ ತೆಗೆದುಕೊಂಡು ನಾಲ್ಕು ನಿಮಿಷದಲ್ಲಿ ಬಾಗಿಲನ್ನು ಕಳಚಿ ಗೋಡೆಗೆ ಒರಗಿಸಿದಳು. ಆ ಸಂಜೆಯ ಆಟ ಅವಳಿಗೆ ನೆನಪಿದ್ದಂತೆ ಕಾಣಲಿಲ್ಲ. ಯಾರಿಗೂ ಹೇಳಬೇಡಿ ಎಂದು ಅವಳೇ ಹೇಳಿದ್ದುದರಿಂದ, ನಾನೂ ನೆನಪಿಸಲಿಲ್ಲ.