ಗರ್ಭಿಣಿಯ ಕಾಲು ಒತ್ತಿಸುವ ಮುನ್ನ ಬಿಪಿ ನೋಡಿಸಿ

ಚೆಂಬೂರು: ಸೀಮಂತ ಮುಗಿಸಿ ಚೊಚ್ಚಲ ಹೆರಿಗೆಗೆ ಮಗಳನ್ನು ಊರಿಗೆ ಕರೆದೊಯ್ಯುವ ಪದ್ಧತಿ ಮುಂಬಯಿಯ ಅನೇಕ ಕನ್ನಡಿಗರ ಮನೆಗಳಲ್ಲಿ ಈಗಿಲ್ಲ. ಸೀಮಂತವೂ ಇಲ್ಲೇ, ಹೆರಿಗೆಯೂ ಇಲ್ಲೇ. ಏಳು ತಿಂಗಳಾಗುತ್ತಲೇ ಸೊಂಟನೋವು, ಕಾಲು ಬಾವು. ತಿಕ್ಕಿ ಕೊಡಲು ಊರಿನ ಅಜ್ಜಿ ಇಲ್ಲಿಲ್ಲ. ಹಾಗಾಗಿ ಪಾದ ಒತ್ತುವ ರಿಫ್ಲೆಕ್ಸಾಲಜಿಯತ್ತ ಮನಸ್ಸು ವಾಲುವುದು ಸಹಜವೇ. ಅಕ್ಯುಪ್ರೆಶರ್ ಚಪ್ಪಲಿ ಮೆಟ್ಟಿ ಅಭ್ಯಾಸವಿರುವ ಈ ನಗರಕ್ಕೆ ಇದು ತೀರಾ ಅಪರಿಚಿತವೂ ಅಲ್ಲ.

ಇದರ ಮೂಲ ಅಮೆರಿಕದಲ್ಲಿದೆ. ಕಿವಿ-ಮೂಗು-ಗಂಟಲು ವೈದ್ಯ ವಿಲಿಯಂ ಫಿಟ್ಜ್‌ಜೆರಾಲ್ಡ್ 1917ರಲ್ಲಿ ದೇಹವನ್ನು ಹತ್ತು ವಲಯಗಳಾಗಿ ವಿಂಗಡಿಸಿ ಪುಸ್ತಕ ಬರೆದರು. 1930ರ ದಶಕದಲ್ಲಿ ಯೂನಿಸ್ ಇಂಗಮ್ ಎಂಬ ಮಹಿಳೆ ಪಾದದ ನಕಾಶೆ ತಯಾರಿಸಿದರು. ಅದರಂತೆ ಹಿಮ್ಮಡಿಯ ಒಳಬದಿ ಗರ್ಭಕೋಶದ ಜಾಗ, ಹೊರಬದಿ ಅಂಡಾಶಯದ್ದು. ಈ ಸಂಬಂಧ ವಿಜ್ಞಾನದಲ್ಲಿ ಸಿದ್ಧವಾಗಿಲ್ಲ. ಆದರೆ ಹಗುರವಾಗಿ ಪಾದ ಒತ್ತಿಸಿಕೊಂಡರೆ ಹಾಯೆನಿಸುತ್ತದೆ, ನಿದ್ದೆ ಬರುತ್ತದೆ. ಬಸುರಿಗೆ ಅದೂ ಸಣ್ಣ ಲಾಭವಲ್ಲ. ಹೆರಿಗೆ ಸುಲಭವಾಗುತ್ತದೆ, ಸಿಸೇರಿಯನ್ ತಪ್ಪುತ್ತದೆ ಎಂದು ಯಾರಾದರೂ ಖಾತ್ರಿ ಕೊಟ್ಟರೆ ಮಾತ್ರ ನಂಬಬೇಕಾಗಿಲ್ಲ.

ಅಪಾಯ ಒತ್ತುವ ಕೈಯಲ್ಲಿರುವುದಕ್ಕಿಂತ ಹೆಚ್ಚಾಗಿ ಬಾವಿನಲ್ಲಿದೆ. ಸಂಜೆ ಪಾದ ಊದಿ ಬೆಳಿಗ್ಗೆ ಇಳಿಯುವುದು ಸಾಮಾನ್ಯ. ಆದರೆ ಇಪ್ಪತ್ತು ವಾರಗಳ ನಂತರ ಮುಖ, ಕೈ ಥಟ್ಟನೆ ಊದಿದರೆ, ಬಿಡದ ತಲೆನೋವು, ಕಣ್ಣು ಮಂಜು, ಪಕ್ಕೆಲುಬಿನ ಕೆಳಗೆ ನೋವು ಕಂಡರೆ ಅದು ಪ್ರಿಎಕ್ಲಾಂಪ್ಸಿಯಾ ಇರಬಹುದು. ರಕ್ತದೊತ್ತಡ 140/90 ಮುಟ್ಟಿದರೆ ಮಸಾಜಿನ ಮಾತು ಬಿಟ್ಟು ಅಂದೇ ಆಸ್ಪತ್ರೆಗೆ ಹೋಗಬೇಕು. ತಡವಾದರೆ ಫಿಟ್ಸ್ ಬಂದು ತಾಯಿ, ಮಗು ಇಬ್ಬರ ಜೀವಕ್ಕೂ ಕುತ್ತು. ಕೆಲವೊಮ್ಮೆ ಯಾವ ಲಕ್ಷಣವೂ ಇಲ್ಲದೆ ಒತ್ತಡ ಏರುತ್ತದೆ; ಯಂತ್ರ ಕಟ್ಟಿ ನೋಡಿದರಷ್ಟೇ ಗೊತ್ತಾಗುವುದು. 'ನೀರು ತುಂಬಿದೆ, ನಾಲ್ಕು ಸಲ ಒತ್ತಿದರೆ ಇಳಿಯುತ್ತದೆ' ಎನ್ನುವವರಿಂದ ದೂರವಿರುವುದೇ ಲೇಸು.

ಒಂದೇ ಕಾಲು ಊದಿ, ಮೀನಖಂಡ ಬಿಸಿಯಾಗಿ ನೋಯುತ್ತಿದ್ದರೆ ರಕ್ತ ಹೆಪ್ಪುಗಟ್ಟಿರುವ ಸಂಶಯ. ಅದನ್ನು ಒತ್ತಲೇಬಾರದು. ರಕ್ತಸ್ರಾವ ಆದವರು, ಅವಧಿಗೆ ಮುನ್ನ ನೋವು ಕಾಣಿಸಿಕೊಂಡವರೂ ವೈದ್ಯರನ್ನು ಕೇಳದೆ ಹೋಗಬಾರದು.

ಬಿಪಿ ನೋಡಿಸಲು ದುಡ್ಡಿನ ಚಿಂತೆ ಬೇಡ. 2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ ಪ್ರತಿ ತಿಂಗಳ 9ರಂದು ಸರಕಾರಿ ಆರೋಗ್ಯ ಕೇಂದ್ರಗಳಲ್ಲಿ ನಾಲ್ಕನೇ ತಿಂಗಳಿನಿಂದ ಗರ್ಭಿಣಿಯರಿಗೆ ಉಚಿತ ತಪಾಸಣೆ ಇದೆ. ಹೋಗುವಾಗ ಹಳೆಯ ರಿಪೋರ್ಟುಗಳನ್ನೂ ಜತೆಗೆ ಒಯ್ಯಬೇಕು.